ಶ್ರೀ, ದಿ., ಮತ್ತು ಬರೀ ಹೆಸರು

ಮೊದಲು ಮೊಳೆಗಳಿದ್ದವು. ಖಾದರಸಾಬರು ನಿಂತೇ ಜೋಡಿಸುತ್ತಿದ್ದರು.
ವರನ ಅಪ್ಪ ಇದ್ದಾನೋ ಇಲ್ಲವೋ
ಚೀಟಿ ಕೊಟ್ಟವನ ಮುಖದಲ್ಲೇ ಓದುತ್ತಿದ್ದರಂತೆ;
ಇಲ್ಲವೆಂದರೆ ಕೈ ತಾನಾಗಿ ದಕಾರದ ಖಾನೆಗೆ ಹೋಗಿ
ಜೊತೆಗೊಂದು ಚುಕ್ಕಿಯನ್ನೂ ಹೆಕ್ಕಿ ತರುತ್ತಿತ್ತು.

ಈಗ ನಾನು. ಗದಗ ಸ್ಟೇಶನ್ ರೋಡು, ಅಂದಾನೆಪ್ಪನವರ ಪ್ರೆಸ್ಸು,
ಮೆಟ್ಟಿಲ ಕೆಳಗೊಂದು ಕಂಪ್ಯೂಟರು, ರಟ್ಟು ಮಡಚಿಟ್ಟ ಕುರ್ಚಿ.
ಫಾರ್ಮಿನಲ್ಲಿ ತುಂಬಿದ್ದೆಲ್ಲ ಎಕ್ಸೆಮ್ಮೆಲ್ ಆಗಿ ಬರುತ್ತದೆ,
ಪ್ರತಿ ಹೆಸರಿಗೂ ಆಚೆಗೊಂದು ಈಚೆಗೊಂದು ಕಂಸ,
ಎರಡೂ ದಡಿ ಇರುವ ಸೀರೆಯ ಹಾಗೆ.
ಕಾರ್ಡು ಮಾಡುವುದು ನನ್ನ ಸ್ಟೈಲ್‌ಶೀಟು:
ಇಂಥದು ಕಂಡರೆ ಇಂಥದು ಬರೆ ಎನ್ನುವ
ನಲವತ್ತೊಂದು ಟೆಂಪ್ಲೇಟು.

ವಧು ಕಂಡರೆ ಚಿ॥ ಕುಂ॥ ಸೌ॥.
ತಂದೆ[ಇದ್ದಾನೆ] ಅಂದರೆ ಶ್ರೀ.
ತಂದೆ[ತೀರಿದ್ದಾನೆ] ಅಂದರೆ ದಿ.
ಶರತ್ತು ಯಾವಾಗಲೂ ಚೌಕದ ಕಂಸದೊಳಗೆ.
ಎರಡು ಟೆಂಪ್ಲೇಟು ಒಬ್ಬನ ಮೇಲೇ ಬಿದ್ದರೆ ಯಂತ್ರ ತೂಕ ನೋಡುತ್ತದೆ:
ಬರೀ ಹೆಸರಿಗೆ ಸೊನ್ನೆ, ಶರತ್ತಿದ್ದರೆ ಅರ್ಧ.
ತಾನಾಗಿ ಯಾರಿಗೂ ಪೂರ್ತಿ ಒಂದು ಸಿಗುವುದಿಲ್ಲ.

ಬೆಟಗೇರಿ ಮಗ್ಗದ ಓಣಿಯ ಅಂಬವ್ವನ ಮಗಳು ಕಸ್ತೂರಿ.
ಸೋದರಳಿಯ ಫಾರ್ಮು ತುಂಬಿದ್ದ.
ತಂದೆ: ತಿಪ್ಪಣ್ಣ. ಸ್ಥಿತಿ:
ಅಲ್ಲಿ ಏನೂ ಇರಲಿಲ್ಲ. ನಾನು ನೋಡಲಿಲ್ಲ, ಓಡಿಸಿದೆ.

ಪ್ರೂಫು ಬಂತು. ಮೇಲೆ ಬನಶಂಕರಿ ಪ್ರಸನ್ನ, ಮುಹೂರ್ತ ಸರಿ,
ನಡುವೆ ‘ಇವರ ಪುತ್ರಿ’ಗೆ ಅಂಟಿಕೊಂಡು
ತಿಪ್ಪಣ್ಣ
ಎಂದಷ್ಟೇ. ಶ್ರೀ ಇಲ್ಲ, ದಿ ಇಲ್ಲ, ಬಣ್ಣವಿಲ್ಲ, ಅಳತೆಯಿಲ್ಲ,
ಮೈಮೇಲೆ ಅರಿವೆಯಿಲ್ಲದೆ ಪಂಕ್ತಿಗೆ ಬಂದು ಕೂತವನ ಹಾಗೆ.

ತಪ್ಪು ನನ್ನದೇ. ಯಾವ ಶರತ್ತಿಗೂ ಹೊಂದದವನನ್ನು
ಯಂತ್ರ ಎಸೆಯುವುದಿಲ್ಲ. ನಾವು ಬರೆಯದ ಒಂದು ನಿಯಮ
ಅದರ ಹೊಟ್ಟೆಯಲ್ಲೇ ಇದೆ: ಯಾರೂ ಹಿಡಿಯದ ಮಾತನ್ನು
ಇದ್ದ ಹಾಗೇ ಹೊರಗೆ ಬಿಡು.

“ಯಜಮಾನ್ರು ಅದಾರೋ, ಇಲ್ಲೋ?” ಕೇಳಿದೆ.
“ಇಚಲಕರಂಜಿಗೆ ಪಾವರ್‌ಲೂಮಿಗಂತ ಹೋದಾಂವ. ಹತ್ತೊಂಬತ್ತ ವರ್ಷಾತು.
ಸತ್ತ ಸುದ್ದಿ ಬಂದಿಲ್ಲ. ಬದುಕಿದ ಸುದ್ದೀನೂ ಇಲ್ಲ.
ಏನಂತ ಬರಸ್ಲಿ?”

ಅಂದಾನೆಪ್ಪನವರು ಪೇಪರಿನಿಂದ ತಲೆ ಎತ್ತದೆ,
“ತಗದಽ ಹಾಕು. ಹೆಸರಽ ಬ್ಯಾಡ.”
ಕಷ್ಟವೇನಲ್ಲ. ಒಳಗೆ ಏನೂ ಇರದ ಟೆಂಪ್ಲೇಟು ಬರೆದರಾಯಿತು:
ಹೊಂದುತ್ತಾನೆ, ಆದರೆ ಇರುವುದಿಲ್ಲ.
ಅರ್ಧ ಬರೆದೂ ಇದ್ದೆ.

ಅಂಬವ್ವ ಪ್ರೂಫನ್ನು ಬಾಗಿಲ ಬೆಳಕಿಗೆ ಹಿಡಿದಳು,
ನೇಯ್ದ ಬಟ್ಟೆಯಲ್ಲಿ ಜಿಗಿದ ಎಳೆ ಹುಡುಕುವವರ ಹಾಗೆ.
ಹೊರಗೆ ಮುಂಡರಗಿ ಬಸ್ಸು ಎರಡು ಸಲ ಹಾರ್ನ್ ಹೊಡೆಯಿತು.
“ಹಿಂಗಽ ಇರ್ಲಿ ತಂಗಿ. ಸಾಲಿನ್ಯಾಗ ಸರಿಯಾಗಿ ಕೂಡ್ರಸು, ಸಾಕು.
ಹೆಸರ ಹಿಡದ ಕರದಾಕಿ ಅಲ್ಲ ನಾ, ಒಂದ ದಿನಾನೂ.
ಇಲ್ಲ್ಯರ ಬರೇ ಹೆಸರ ಇರ್ಲಿ.”

ಬರೆದದ್ದನ್ನು ಅಳಿಸಿ ಮತ್ತೆ ಬರೆದೆ.
ತಂದೆ[ಸ್ಥಿತಿ ಇಲ್ಲ]: ಒಂದು ಜಾಗ ಬಿಡು,
ಉಳಿದವರದೇ ಅಳತೆ, ಉಳಿದವರದೇ ಕೆಂಪು,
ಹಿಂದೆ ಮುಂದೆ ಏನೂ ಬೇಡ.
ಅದಕ್ಕೂ ತೂಕ ಅರ್ಧವೇ.

ಐದುನೂರು ಕಾರ್ಡು. ಮೂಲೆಗೆ ಅರಿಶಿನ ಹಚ್ಚಿ ಮಂಗಳವಾರ ಒಯ್ದರು.

ಒಬ್ಬನಿಗೆಂದು ಬರೆದ ನಿಯಮ, ತೆಗೆಯಲು ಮರೆತೆ.
ಅಕ್ಷಯ ತದಿಗೆ ದಾಟುವಷ್ಟರಲ್ಲಿ ಆರು ಸಲ ಹೊಂದಿತ್ತು:
ಲಕ್ಕುಂಡಿಯವನೊಬ್ಬ, ಹೊಂಬಳದ ಇಬ್ಬರು,
ಊರ ಹೆಸರನ್ನೂ ಬರೆಸದವರು ಮೂವರು.
ಯಾರೂ ಬಂದು ತಪ್ಪೆನ್ನಲಿಲ್ಲ.

ಮೊನ್ನೆ ಒಂದು ಪ್ರೂಫಿನ ನಡುವೆ
ಗಿರಿಜವ್ವ
ಎಂದು ಬಂತು, ಹಿಂದಿನ ಪದಕ್ಕೆ ಅಂಟಿಕೊಂಡು.
ತಾಯಿಗೆ ನಾನು ಬರೆದೇ ಇರಲಿಲ್ಲ.