ಇಬ್ಬರೂ ಒಬ್ಬಳೇ

ಕುಂಬಳೆಯ ಅಕ್ಷಯ ಕೇಂದ್ರದಲ್ಲಿ ಟೋಕನ್ ಮೂವತ್ತೊಂದು.
ರೇಷನ್ ಕಾರ್ಡಿನವರು, ಪಿಂಚಣಿಗೆ ಹೆಬ್ಬೆಟ್ಟು ಒತ್ತುವವರು,
ಆಮೇಲೆ ನಾನು. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅತ್ತೆ,
ಅವರ ಮಡಿಲಲ್ಲಿ ನಮ್ಮ ಮದುವೆಯ ಆಲ್ಬಮ್ಮು.

ಮದುವೆ ನಿಜವೆಂದು ತೋರಿಸಬೇಕಂತೆ.
ಧಾರೆಯ ಫೋಟೋ ಎರಡು, ಊಟದ ಪಂಕ್ತಿಯದೊಂದು,
ಬೇಕಲ ಕೋಟೆಯ ಗಾಳಿಗೆ ಸೆರಗು ಕೈತಪ್ಪಿದ್ದೊಂದು.
ರಾತ್ರಿ ಹನ್ನೊಂದರ ಚಾಟೂ ಬೇಕಂತೆ,
ಪ್ರಿಂಟಿಗೆ ಪುಟಕ್ಕೆ ಮೂರು ರೂಪಾಯಿ.
"ಒಣಸಾಂಡಾ?" "ಆಂಡ್." "ಅಲ್ಲಿ ಹಿಮವಾ?" "ಇಲ್ಲಿ ಸೆಖೆ."
ಹೀಗೇ ನಲವತ್ತು ಪುಟ.
ಪ್ರೀತಿ ಎಂಬ ಶಬ್ದ ಒಂದು ಕಡೆಯೂ ಸಿಗದೆ
ನಿನ್ನೆ ರಾತ್ರಿ ಎರಡೆರಡು ಸಲ ಹುಡುಕಿದೆ.

ರಹ್ಮತ್ ಪರದೆಯಿಂದ ಕಣ್ಣೆತ್ತದೆ
ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ
ಕ್ಯೂವಿನ ಕೊನೆಯವರಿಗೂ ಕೇಳುವ ಹಾಗೆ ಕೇಳಿದಳು:
"ಮುಂಚೆ ಯಾವಾಗಾದ್ರೂ, ಯಾವ ದೇಶವಾದ್ರೂ
ವಿಸಾ ಇಲ್ಲ ಅಂದದ್ದುಂಟಾ ಚೇಚಿ?"

ಅತ್ತೆಯ ಬಳೆ ಸದ್ದು ಮಾಡಿತು.

ಎಂಟು ವರ್ಷದ ಹಿಂದೆ. ಇದೇ ಕೆನಡಾ.
ಖಾತೆ ತುಂಬಿರಲಿ ಎಂದಿದ್ದ ಬಲ್ಮಠದ ಏಜೆಂಟು.
ದೋಣಿಯ ಪಾಲು ಮಾರಿದ ಚಿಕ್ಕಪ್ಪನ ದುಡ್ಡು
ಹನ್ನೆರಡು ದಿನ ನನ್ನ ಪಾಸ್‌ಬುಕ್ಕಿನಲ್ಲಿ
ನೆಂಟನ ಹಾಗೆ ಕೂತು, ಕಾಫಿ ಕುಡಿದು
ಎದ್ದು ಹೋಯಿತು.
ಬಂದದ್ದು ಒಂದೂವರೆ ಪುಟ:
ಓದು ಮುಗಿಸಿ ನೀವು ಊರಿಗೆ ಮರಳುವಿರೆಂದು
ನಮಗೆ ನಂಬಿಕೆ ಬರಲಿಲ್ಲ.
ಕೆಳಗೆ ಹೆಸರಿಲ್ಲ, ಬರೇ ಒಂದು ನಂಬರು.
ಹತ್ತನೆಯ ಕ್ಲಾಸಿನ ಅಂಕಪಟ್ಟಿಯ ಹಿಂದೆ ಅದನ್ನು ತೂರಿಸಿಟ್ಟೆ.
ನೋಡಲು ಬಂದ ಗಂಡಿಗೆ ಹೇಳಲಿಲ್ಲ.
ಉಪ್ಪಿಟ್ಟಿನ ಪ್ಲೇಟು ಹಿಡಿದು ನಿಂತವಳು
ಫೇಲಾದ ಕಥೆ ಯಾಕೆ ಎತ್ತಬೇಕು?

ಆಗ, ಖಂಡಿತ ವಾಪಸು ಬರುತ್ತೇನೆಂದು ನಂಬಿಸಬೇಕಿತ್ತು.
ಈಗ, ಖಂಡಿತ ಅಲ್ಲೇ ಇರುತ್ತೇನೆಂದು.
ಎರಡಕ್ಕೂ ಇದೇ ಮುಖ, ಬಿಳಿ ಗೋಡೆ, ನಗಬಾರದು.

ಮೊನ್ನೆ ಯಶೋಧರನಿಗೆ ಬರೆದೆ, ಎಲ್ಲ.
ಮುಚ್ಚಿಟ್ಟರೆ ಐದು ವರ್ಷ ಬಾಗಿಲೇ ಇಲ್ಲವಂತೆ, ಎಂದೂ.
ನೀಲಿ ಗೆರೆ ಎರಡು ಬಿದ್ದವು. ಅರ್ಧ ಗಂಟೆ ಏನಿಲ್ಲ.
ಲಾರಿಯ ಅಡಿಯಿಂದ ಎದ್ದು ಬಂದು
ಗ್ರೀಸಿನ ಬೆರಳಲ್ಲೇ ಬರೆದಿರಬೇಕು, ಅಕ್ಷರ ತಪ್ಪಿದ್ದವು:
"ಅವರಿಗೆ ಹೇಳು, ಬಿಡು, ಅದು ಬೇರೆ.
ನನಗೆ ಯಾಕೆ ಹೇಳಲಿಲ್ಲ?"
ಆಮೇಲೆ ನಾವು ಜಗಳವಾಡಿದ್ದು ಬೆಳಗಿನ ನಾಲ್ಕರ ತನಕ.
ನಲವತ್ತೊಂದನೆಯ ಆ ಪುಟವನ್ನು ನಾನು ಪ್ರಿಂಟು ತೆಗೆಸಲಿಲ್ಲ.

"ಹೌದು ಅಂತ ಒತ್ತು ಮಗಾ," ಎಂದರು ಅತ್ತೆ ರಹ್ಮತ್‌ಗೆ.
ನನ್ನತ್ತ ತಿರುಗಲೂ ಇಲ್ಲ.
"ಇವಳ ಮಾವನನ್ನು ಬಹ್ರೈನಿನಿಂದ ಹಿಂದೆ ಕಳಿಸಿದ್ದರು,
ಕಾಲಿಗೆ ಚಪ್ಪಲಿ ಕೂಡ ಇಲ್ಲದೆ.
ನನಗೆ ಗೊತ್ತಾದದ್ದು ಆರು ವರ್ಷದ ಮೇಲೆ,
ಅದೂ ಸೆಲೂನಿನ ಅಬ್ಬಾಸನ ಹೆಂಡತಿಯ ಬಾಯಿಂದ."
ಆಲ್ಬಮ್ಮಿನ ಪುಟ ಮಗುಚಿದರು.
"ಇದರಲ್ಲಿ ನಿನ್ನ ಕಣ್ಣು ಮುಚ್ಚಿಹೋಗಿದೆ, ಇದು ಬೇಡ."

ಫೈಲಿನ ತಳದಲ್ಲಿ ವಿಲ್ಲೇಜ್ ಆಫೀಸಿನ ಕಾಗದ.
ಶಾಲೆಯ ದಾಖಲೆಯ ವಾರಿಜ ಎಂ.,
ಪಾಸ್‌ಪೋರ್ಟಿನ ವಾರಿಜಾಕ್ಷಿ ಮಾಯಿಪ್ಪಾಡಿ,
ಇಬ್ಬರೂ ಒಬ್ಬಳೇ ಎಂದು ಮಲಯಾಳದಲ್ಲಿ ಬರೆದು
ಗುಂಡು ಸೀಲು ಹಾಕಿದ್ದಾರೆ.
ಅದಕ್ಕಾಗಿ ಮೂರು ಸಲ ಅಲೆದಿದ್ದೆ.
ಚಿಕ್ಕಪ್ಪನ ದುಡ್ಡು ತೋರಿಸಿದವಳೂ
ಇವತ್ತು ಕೂತಿರುವ ಇವಳೂ
ಒಬ್ಬಳೇ ಎಂದು ಬರೆಸಲು ಅಲೆಯಬೇಕಿಲ್ಲ,
ಅದು ಆಗಲೇ ಅವರ ಕಂಪ್ಯೂಟರಿನಲ್ಲುಂಟು.
ಅಲ್ಲ ಎಂದು ಬರೆದು ಕೊಡುವ ಆಫೀಸು
ಯಾವ ಊರಿನಲ್ಲಿ?

ಮಂಗಳೂರು ಕಡೆಯ ಗಾಡಿ ಕೂಗಿ ದಾಟಿತು.
ಅದು ದಾಟುವ ತನಕ ಕಾದು ರಹ್ಮತ್ ಹೇಳಿದಳು,
"ಕಾರಣ ಬರೀಲಿಕ್ಕೆ ಸಣ್ಣ ಜಾಗ ಕೊಟ್ಟಿದ್ದಾರೆ.
ಎಂತ ಹಾಕಲಿ?"