ಎಂಟು ಫೋಟೋ

ವಾಸ್ಕೋ ಬಸ್‌ಸ್ಟ್ಯಾಂಡಿನ ಹಿಂದಿನ ಸ್ಟುಡಿಯೋದಲ್ಲಿ
ಎಂಟಕ್ಕೆ ಅರವತ್ತು. ನಾಲ್ಕೇ ಸಾಕೆಂದರೆ ಕೊಡುವುದಿಲ್ಲ.
"ನಗಬೇಡಿ" ಅಂದ ಹುಡುಗ.
ನಾನೆಲ್ಲಿ ನಕ್ಕೆ,
ಸೆರಗಿನ ಪಿನ್ನು ಚುಚ್ಚುತ್ತಿತ್ತು,
ಹಲ್ಲು ಕಚ್ಚಿ ಕೂತಿದ್ದೆ.

ಅರವತ್ತೆಂದರೆ ಎರಡು ದಿನದ ಹಾಲು.
ಮನೆಗೆ ಬರುವವರೆಗೂ ಆ ಹಾಲು
ಕಾಗದದ ಪೊಟ್ಟಣದೊಳಗೆ ತುಳುಕುತ್ತಿತ್ತು.

ಶೇಖಪ್ಪನ ಬಾರ್ಜು ಜುವಾರಿಯಲ್ಲಿ
ಲಂಗರು ಬಿಟ್ಟು ಐದು ತಿಂಗಳು.
ಅದನ್ನು ತಿನ್ನುತ್ತಿರುವುದು ತುಕ್ಕು,
ಅವನನ್ನು ತಿನ್ನುವುದಕ್ಕೆ ಹೆಸರಿಲ್ಲ.
ಬೆಳಿಗ್ಗೆದ್ದು ಬೈನಾ ದಂಡೆಗೆ ಹೋಗಿ
ಹಡಗು ಎಣಿಸಿ ಬರುತ್ತಾನೆ.
"ಇವತ್ತ ಹನ್ನೊಂದು" ಅನ್ನುತ್ತಾನೆ,
ಯಾರೋ ಕೇಳಿದವರಂತೆ.

ಮಾರ್ಕ್ಸ್ ಕಾರ್ಡು ಟ್ರಂಕಿನ ತಳದಲ್ಲಿ,
ಧಾರೆಯ ಇಳಕಲ್ ಸೀರೆಯ ಮಡಿಕೆಯೊಳಗೆ.
ರೋಣದ ಹೈಸ್ಕೂಲು, ಗಣಿತಕ್ಕೆ ೮೧.
ಮಡಿಕೆ ಬಿದ್ದಲ್ಲಿ ಒಂದು ಅಳಿಸಿಹೋಗಿ
ಈಗ ಬರೀ ಎಂಟು.
ಔಷಧಿ ಅಂಗಡಿಯವನು ಅದನ್ನೇ ದಿಟ್ಟಿಸಿದ,
ನನ್ನನ್ನು ನೋಡಿದ,
ಒಂದು ಫೋಟೋ ಇಟ್ಟುಕೊಂಡು ಕಾರ್ಡು ವಾಪಸು ಕೊಟ್ಟ.

ಗೋಡಂಬಿ ಕಾರ್ಖಾನೆಯಲ್ಲಿ ಕೇಳಿದರು:
"ಮೂವತ್ತಾರು ವರ್ಷ. ಇಲ್ಲಿತನಕ ಏನು ಮಾಡಿದಿರಿ?"
ಹೇಳಲು ಬಾಯಿ ತೆರೆದೆ.
ಮಲ್ಲುವಿನ ಜ್ವರ, ನೀರಿನ ಸರದಿ, ಸಾಲದ ಚೀಟಿ,
ಅತ್ತೆಯ ಕೊನೆಯ ಎಂಟು ತಿಂಗಳ ಹಾಸಿಗೆ,
ಎಲ್ಲ ಒಟ್ಟಿಗೆ ಬಾಗಿಲಿಗೆ ನುಗ್ಗಿ
ಒಂದೂ ಹೊರಗೆ ಬರಲಿಲ್ಲ.
"ಮನೀಯಾಗಿದ್ದೆ" ಅಂದೆ.

ಒಂದು ಫೋಟೋ ಸಹನಾ ಕೇಳಿ ತಗೊಂಡಳು,
'ನನ್ನ ಕುಟುಂಬ' ಅಂತ ಶಾಲೆಯ ಪ್ರಾಜೆಕ್ಟು.
ಗೋಂದು ಒಣಗುವ ಮೊದಲೇ ಪ್ರಶ್ನೆ:
"ಅವ್ವಾ, ಉದ್ಯೋಗ ಅಂತ ಐತಿ, ಏನ ಬರೀಲಿ?"
"ಸದ್ಯ ಪೆನ್ಸಿಲ್ಲಿನಾಗ ಬರಿ" ಅಂದೆ.

ಬೊಗ್ಮಾಳೋ ದಾರಿಯ ಲಾಂಡ್ರಿ.
ಹೋಟೆಲುಗಳ ಚಾದರಗಳು ಗೋಡೆಯಷ್ಟು ಎತ್ತರ,
ಅಪರಿಚಿತರ ನಿದ್ದೆ ಕುದಿಯುವ ವಾಸನೆ.
ಕನ್ನಡಕದ ಮೇಲಿಂದ ಬಾಯಿಯೊಬ್ಬಳು ಕೇಳಿದಳು:
"ಕೊಂಕಣಿ ಯೇತಾ?"
"ಥೊಡಿ ಥೊಡಿ."
ನನ್ನ ಕೊಂಕಣಿ ಸಂತೆಯಲ್ಲಿ ಹುಟ್ಟಿದ್ದು.
ಅದರಲ್ಲಿ ಬಂಗುಡೆ ಇದೆ, ಪಾವು ಇದೆ,
ಬಾಡಿಗೆಗೆ ಇನ್ನೊಂದು ವಾರ ತಡೀರಿ ಅನ್ನುವುದಿದೆ.
ಚಾದರಕ್ಕೆ ಏನೆನ್ನುತ್ತಾರೋ ಗೊತ್ತಿರಲಿಲ್ಲ.
ಕೈಯಲ್ಲಿ ಮಡಚಿ ತೋರಿಸಿದೆ.
ಮೂಲೆಗೆ ಮೂಲೆ ಕೂಡಿತು.
ಅವಳು ಏನೂ ಅನ್ನಲಿಲ್ಲ, ಫಾರ್ಮು ಕೊಟ್ಟಳು.

ಫೋನ್ ನಂಬರು ಎಂಬಲ್ಲಿ ಪೆನ್ನು ನಿಂತಿತು.
ನಮ್ಮದಕ್ಕೆ ರೀಚಾರ್ಜು ಮುಗಿದು
ಬರುವ ಕರೆಯೂ ಬರುವುದಿಲ್ಲ ಈಗ.
ಪಕ್ಕದ ಮನೆಯ ಇಸ್ಮೇನಿಯಾಳ ನಂಬರು ಬರೆದೆ,
ಅವಳನ್ನು ಕೇಳಿದ್ದು ಆಮೇಲೆ.

ನಾಲ್ಕು ದಿನ.
ಅವಳ ಮನೆಯಲ್ಲಿ ಕುಕ್ಕರು ಕೂಗಿದರೂ
ನಾನು ಎದ್ದು ನಿಲ್ಲುತ್ತಿದ್ದೆ.

ಗುರುವಾರ ಸಂಜೆ ರೊಟ್ಟಿ ಬಡಿಯುತ್ತಿದ್ದೆ.
ಕೈತುಂಬ ಜೋಳದ ಹಿಟ್ಟು,
ಊರಿಂದ ಬಂದ ಚೀಲದ ತಳ ಕೆರೆದದ್ದು.
ಇಸ್ಮೇನಿಯಾ ಓಡಿ ಬಂದಳು,
ಫೋನು ಕೈಗೆ ಕೊಡದೆ ಕಿವಿಗೇ ಹಿಡಿದಳು.
ಅದೇ ಬಾಯಿ. ಸೋಮವಾರದಿಂದ,
ಬೆಳಿಗ್ಗೆ ಏಳಕ್ಕೆ,
ದಿನಕ್ಕೆ ಮುನ್ನೂರೈವತ್ತು.

ಹೂಂ ಅನ್ನಬೇಕಿತ್ತು.
ಹೂಂ ಅನ್ನಲೆಂದೇ ಉಸಿರು ತಗೊಂಡೆ.
ಹದಿಮೂರು ವರ್ಷ ಮೀನಿನ ಬುಟ್ಟಿಯ ಮುಂದೆ
ಕುಕ್ಕರಗಾಲಲ್ಲಿ ಕೂತು ಪಳಗಿದ ನಾಲಿಗೆ,
ನನ್ನನ್ನು ಕೇಳದೆ,
"ಚಾರ್ಶೆಂ" ಅಂದುಬಿಟ್ಟಿತು.

ನಾನೂರು!
ಇಸ್ಮೇನಿಯಾ ಬಾಯಿಗೆ ಕೈಯಿಟ್ಟುಕೊಂಡಳು.
ಹೊಸ್ತಿಲಲ್ಲಿ ಶೇಖಪ್ಪ, ಕಾಲಲ್ಲಿನ್ನೂ ದಂಡೆಯ ಮರಳು.
ಹಂಚಿನ ಮೇಲಿನ ರೊಟ್ಟಿ ಒಂದು ಬದಿ ಉಬ್ಬುತ್ತಿತ್ತು,
ತಿರುವಿ ಹಾಕುವವರಿಲ್ಲ.
ಆ ತುದಿಯಲ್ಲಿ ಮಾತಿಲ್ಲ.
ದೊಡ್ಡ ಯಂತ್ರವೊಂದು ಮಾತ್ರ
ನೀರು ತುಂಬಿಕೊಂಡು
ತಿರುಗುತ್ತಲೇ ಇತ್ತು.