ರೊಟ್ಟಿ ಇಲ್ಲದ ಲೆಕ್ಕ

ದಾನೇಶ್ವರಿ ಹೆಸರಿನ ಮುಂದ
ಈ ತಿಂಗಳು ರೊಟ್ಟಿ ಗೀಟು ಇಲ್ಲ.
ಬರದೇನಿ: ಬೆಣ್ಣಿ, ಕಾಲು ಕಿಲೋ.
ಒಣ ಕೊಬ್ಬರಿ, ಎರಡು ಬಟ್ಟಲ.
ಗುರೆಳ್ಳ ಹಿಂಡಿ, ಮೆಂತೆ ಪಲ್ಯ,
ಮಜ್ಜಿಗಿ, ಉಪ್ಪು ಮುಂದ.

ಗದಗಿನ್ಯಾಗ ಇಪ್ಪತ್ತೆರಡು ವರ್ಷ
ಸೈಕಲ್ ಹುಡುಗರಿಗೆ ನೀಡಿದ ಕೈ ಇದು.
ಒಬ್ಬೊಬ್ಬಂವ ಎಂಟೆಂಟು ರೊಟ್ಟಿ.
ಬಡಿಯೋ ಕೈ ಸೋಲತಿತ್ತು, ತಿನ್ನೋ ಬಾಯಿ ಸೋಲತಿರಲಿಲ್ಲ.
ಈಕಿ ತಾಟು ಸರಿಸಿ ಅಂದ್ಲು:
"ಅಕ್ಕಾರ, ರೊಟ್ಟಿ ಒಲ್ಲೆ. ಅನ್ನಾನೂ ಒಲ್ಲೆ.
ಕೊಬ್ಬು ಉರಿಸೋದು ಮೈಗೆ ಕಲಸಬೇಕಾಗೇತಿ."

ಕೊಬ್ಬು? ಈ ಮೈಯಾಗ?
ನಾನು ನಕ್ಕೆ. ಆಕಿ ನಗಲಿಲ್ಲ.

ಆಕಿ ಹೇಳಿದ್ದು ನನಗ ತಿಳಿದಿದ್ದು ಒಲಿ ಮಾತಿನ್ಯಾಗ.
ರೊಟ್ಟಿ ಅಂದ್ರ ಹತ್ತಿ ಕಟಗಿ,
ಕಡ್ಡಿ ಗೀರೂದಷ್ಟ ತಡ, ಭಗ್ ಅಂತೈತಿ,
ಎರಡು ತಾಸಿಗೆ ಬೂದಿ.
ಕೊಬ್ಬು ಜಾಲಿ ಬೊಡ್ಡಿ.
ಊದಬೇಕು, ಕಣ್ಣಾಗ ನೀರು ಬರಬೇಕು,
ಹತ್ತಿತು ಅಂದ್ರ ಬೆಳತನಕ ಕೆಂಡ.
ಎಂಥಾ ಸಣಕಲ ಮೈಯಾಗೂ
ದಿನಗಟ್ಟಲೆ ಉರಿಯೋವಷ್ಟು ಬೊಡ್ಡಿ ಇರತಾವಂತ.
ಯಕೃತ್ತು ಅಂತೊಂದು ಐತಲ್ಲ, ಅದು
ಬೊಡ್ಡಿ ಸೀಳಿ ಕೀಟೋನು ಅನ್ನೋ ಸಿಬರು ಮಾಡಿ
ನೆತ್ತರಿಗೆ ಹೇರತೈತಂತ.
ಮಿದುಳಿಗೆ, ಎದಿಗೆ, ತೊಡಿಗೆ.
ತಾನು ಮಾತ್ರ ಅದರಾಗಿನ ಒಂದು ಸಿಬರೂ ಉರಸಂಗಿಲ್ಲಂತ.

ಹಂಗಾರ ಅಲ್ಲೂ ಒಂದು ಖಾನಾವಳಿ ಐತಿ ಅಂದೆ.

ಮೊದಲ ವಾರ ಬರೇ ಹೊಗಿ.
ತಲಿ ಸಿಡಿತ, ಮೀನಖಂಡ ಹಿಡಿತ.
ಮುಳಗುಂದದ ಹಾದ್ಯಾಗ ಸೈಕಲ್ ಮಲಗಿಸಿ
ಬದುವಿನ ಮ್ಯಾಲ ಕುಂತು ಅತ್ತಳಂತ.
ಮೈಯಾಗಿನ ನೀರು ಹೋಗೋವಾಗ
ಉಪ್ಪಿನ ಕೈ ಹಿಡಕೊಂಡು ಹೋಗತೈತಿ.
ಅದನ್ನ ಮಾತ್ರ ನನಗ ಯಾರೂ ಕಲಸಬೇಕಾಗಿರಲಿಲ್ಲ.

ಹದಿನೈದು ದಿನಕ್ಕ ಉಸಿರು ಬದಲಾತು.
ನೀಡಾಕ ಬಾಗಿದರ
ಮಾಗಿ ಮೀರಿದ ಬಾಳಿಹಣ್ಣಿನ ವಾಸನಿ,
ಅದರ ಬೆನ್ನಿಗೆ ಉಗುರಿನ ಬಣ್ಣ ಒರಸೋ ಔಷಧದ್ದು.
"ಹತ್ತೇತಿ ಅಕ್ಕಾರ," ಅಂದ್ಲು.
ನಾನು ಒಲಿ ಕಡೆ ನೋಡಿದೆ.

ಆಮ್ಯಾಲ ನೋಡ್ರಿ.
ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ,
ಕಿಸೆದಾಗ ಒಂದು ತುಂಡು ಕೊಬ್ಬರಿ,
ಡಂಬಳದ ಕೆರಿ ದಂಡಿಗೆ ಬಂದರೂ
ಹಸಿವು ತುಟಿ ಬಿಚ್ಚಲಿಲ್ಲಂತ.
ಹುಡುಗರು ಬಾಳಿಹಣ್ಣು ಸುಲಕೊಂತ ಹಿಂದ ಉಳಿದರು.

ರೇಸಿನ ದಿನ
ನೂರು ಕಿಲೋಮೀಟರು ಕೆಂಡದಂಗ ಇದ್ಲು.
ಕಪ್ಪತಗುಡ್ಡದ ಕಡೀ ಏರಿನ್ಯಾಗ
ವಿಜಯಪುರದ ಹುಡುಗಿ ಒಬ್ಬಾಕಿ ಎದ್ದು ನಿಂತು ತುಳದ್ಲು,
ಹತ್ತಿ ಕಟಗಿ, ಭಗ್!
ಈಕಿನೂ ಎದ್ದು ನಿಂತ್ಲು. ಕಾಲು ಇದ್ದವು, ಉಸಿರು ಇತ್ತು,
ಆದರ ಬೊಡ್ಡಿ ಉರಿಯಾಕ ಗಾಳಿ ಹೆಚ್ಚು ಬೇಕು,
ಏರಿನ್ಯಾಗ ಗಾಳಿಗೇ ಬರ.
ಕೆಂಡಕ್ಕ ಜಿಗಿಯಾಕ ಬರಂಗಿಲ್ಲ.
ಐದನೆಯಾಕಿ ಆಗಿ ಬಂದ್ಲು.

ರಾತ್ರಿ ನೆಲ ತೊಳೆಯೋ ಹೊತ್ತಿಗೆ ಬಾಗಿಲದಾಗ ನಿಂತಿದ್ಲು.
"ಎರಡೂ ಇಟ್ಟರ ಅಕ್ಕಾರ?
ದಾರಿಗೆಲ್ಲಾ ಬೊಡ್ಡಿ, ಕಡೀ ಏರಿಗೆ ಒಂದು ಹಿಡಿ ಕಡ್ಡಿ?"
ಕೋಚು ಅಂತಾರಂತ: ಒಂದು ಉರವಲು ರೂಢಿ ಆದರ
ಮೈ ಇನ್ನೊಂದರ ಗುರುತು ಮರೀತೈತಿ.
ಇರಬಹುದು. ನನಗೂ ಗ್ಯಾಸ್ ಬಂದ ಮ್ಯಾಲ
ಊದುಗೊಳವಿ ಎಲ್ಲಿಟ್ಟೆನೋ ನೆನಪಿಲ್ಲ.

ಹಂಚಿನ ಮ್ಯಾಲ ಕಡೀ ರೊಟ್ಟಿ ಇತ್ತು, ಬಿಸಿ.
ಮುರದ್ಲು. ಅರ್ಧ ನನ್ನ ಕೈಯಾಗಿಟ್ಲು.
ಉಳಿದರ್ಧ ಹಿಡಕೊಂಡು ಬಾಳ ಹೊತ್ತು ನೋಡಿದ್ಲು.

ನಾನು ವಹಿ ತಗದು ಪೆನ್ನಿನ ಮುಚ್ಚಳ ಬಿಚ್ಚಿದೆ.
ಅರ್ಧ ರೊಟ್ಟಿಗೆ ನನ್ನ ಲೆಕ್ಕದಾಗ ಗೀಟಿಲ್ಲ.